ಅಪ್ಪನನ್ನು ಡಿಕ್ಕಿಯಲ್ಲಿ ಕೂರಿಸಬಾರದು

ನಮ್ಮ ಸೋದರಮಾವನ ಎದುರಿಗೆ ಪಿಸುಮಾತಾಡುವುದನ್ನು ನಾನು ಬಿಟ್ಟು ಇಪ್ಪತ್ತು ವರ್ಷವಾಯಿತು. ಎದುರಿಗೇನು, ಅವನು ಕಂಟೋನ್ಮೆಂಟಿನಲ್ಲಿದ್ದರೆ ನಾನು ಪಾರ್ವತಿನಗರದಲ್ಲೂ ಪಿಸುಗುಟ್ಟುವುದಿಲ್ಲ. ಅಂಥ ಕಿವಿ!

ಕಸುಬು ಜೀನ್ಸ್ ಹೊಲಿಯುವುದು. ಇಪ್ಪತ್ತು ಮಷಿನ್‌ಗಳ ಗದ್ದಲದ ನಡುವೆ ಕುಳಿತಲ್ಲಿಂದಲೇ, "ಮೂರನೇದರ ಸೂಜಿ ಮೊಂಡಾಗೇತಿ ನೋಡ್ರಿ" ಎನ್ನುತ್ತಾನೆ. ಹೋಗಿ ನೋಡಿದರೆ ಆಗಿರುತ್ತದೆ. ಇಂಥವನಿಗೆ ಕಾರಿನ ಸಬ್‌ವೂಫರಿನ ಹುಚ್ಚು ಹಿಡಿದರೆ ಕೇಳಬೇಕೆ?

ಸಬ್‌ವೂಫರ್ ಎಂದರೆ ಡಿಕ್ಕಿಯಲ್ಲಿ ಕುಳಿತು ಗುಮ್ ಗುಮ್ ಎನ್ನುವ ದೊಡ್ಡ ಸ್ಪೀಕರ್. ಅದರ ಆಂಪ್ಲಿಫೈಯರಿನಲ್ಲಿ ಲೋ-ಪಾಸ್ ಫಿಲ್ಟರ್ ಎಂಬ ಪುಟ್ಟ ತಿರುಪು ಇರುತ್ತದೆ. ದಪ್ಪ ದನಿಯನ್ನಷ್ಟೇ ಒಳಗೆ ಬಿಟ್ಟು ಉಳಿದದ್ದನ್ನು ಬಾಗಿಲಲ್ಲೇ ತಡೆಯುವುದು ಅದರ ಕೆಲಸ. ಜನ ಅದನ್ನು ಒಮ್ಮೆ ತಿರುಗಿಸಿ ಮರೆತುಬಿಡುತ್ತಾರೆ. ಮಾವ ಅದಕ್ಕೆ ಇಡೀ ಭಾನುವಾರ ಕೊಡುತ್ತಾನೆ. ಸ್ಪೀಕರಿನ ಮೇಲೆ ಹಿಡಿ ಸೋನಾ ಅಕ್ಕಿ ಚೆಲ್ಲಿ, ಕಾಳು ಹೇಗೆ ಕುಣಿಯುತ್ತವೆಂದು ನೋಡುತ್ತಾನೆ. ಅತ್ತೆ ಆ ಅಕ್ಕಿಯನ್ನು ಬಳಿದುಕೊಂಡು ಹೋಗಿ ಅನ್ನಕ್ಕಿಡುತ್ತಾಳೆ. "ಕುಣಿದ ಅಕ್ಕಿ ಲಗೂನ ಬೇಯ್ತೈತಿ" ಎಂಬುದು ಅವಳ ಅನುಭವ.

ಒಮ್ಮೆ ಸಿರುಗುಪ್ಪದಿಂದ ಒಬ್ಬ ಮದುಮಗ ತನ್ನ ಕಾರು ತಂದು, "ಗಾಜು ಅದುರಬೇಕ್ರಿ" ಎಂದ.

"ಗಾಜು ಅದುರಾಕ ನಿಮ್ಮೂರ ರೋಡು ಸಾಕು. ನಾನ್ಯಾಕ ಬೇಕು?" ಎಂದ ಮಾವ. ಜೀನ್ಸಿನ ಚಿಂದಿ ತುರುಕಿ ಡಿಕ್ಕಿಯ ಕಟಕಟ ಸದ್ದು ಅಡಗಿಸಿದ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಗಾಜು ಅದುರಲಿಲ್ಲ, ಹಾಡು ಹಾಕಿದರೆ ತಮಟೆಯ ಏಟು ನೇರವಾಗಿ ನಮ್ಮ ಎದೆಗೂಡಿಗೆ ಬಿತ್ತು. ನಾನು ಬಾಯಿ ತೆರೆದವನು ಮುಚ್ಚಲು ಮರೆತೆ. ಮದುಮಗ ಸೀಟು ಬಿಟ್ಟು ಏಳಲೇ ಇಲ್ಲ. "ನಾ ಇಲ್ಲೇ ಇರ್ತೀನಿ, ಮದುವಿಗೆ ನೀವ ಹೋಗ್ರಿ" ಎಂದ.

ಆದರೆ ಮಾವನ ಕೊನೆಯ ಪರೀಕ್ಷೆ ಹಾಡಿನಿಂದಲ್ಲ. ಕುರುಗೋಡಿನ ನಮ್ಮ ಅಜ್ಜ, ಅಂದರೆ ಮಾವನ ಅಪ್ಪ, ತೀರಿಕೊಳ್ಳುವ ಮೊದಲು ಊಟಕ್ಕೆ ಕುಳಿತು ಮಗಳಾದ ನನ್ನ ಅವ್ವನನ್ನು ರೂಢಿಯಂತೆ ತಂಗಿ ಎಂದೇ ಗದರಿದ್ದು ಮಾವನ ಫೋನಿನಲ್ಲಿದೆ: "ತಂಗೀ, ಸಾರಿಗೆ ಉಪ್ಪು ಹಾಕಿಯೋ ಇಲ್ಲೋ?" ನೆಲದಡಿ ಕಾಳು ತುಂಬುವ ಹಗೇವಿನೊಳಗಿಂದ ಬಂದಂಥ ದನಿ. ಅದನ್ನು ಹಾಕಿ, ಡಿಕ್ಕಿಯಿಂದ ಅಜ್ಜನ ಒಂದು ಮಾತೂ ಕೇಳದಂತಾಗುವವರೆಗೆ ತಿರುಪನ್ನು ಇಳಿಸುತ್ತಾನೆ. ತಿರುಪಿನ ಎಂಬತ್ತು ಹರ್ಟ್ಸ್ ಗೆರೆಯ ಹತ್ತಿರ ಅಜ್ಜ ಡಿಕ್ಕಿ ಬಿಟ್ಟು ಮುಂದಿನ ಸ್ಪೀಕರುಗಳಿಗೆ ಏರಿ ಗಾಜಿನ ಬಳಿ ಬಂದು ಕೂರುತ್ತಾನೆ. "ಹಿರೇರು ಮುಂದ ಕುಂದರಬೇಕು. ಅಪ್ಪನ್ನ ಡಿಕ್ಕ್ಯಾಗ ಕುಂದರಸ್ತಾರೇನಲೇ?" ಎಂದು ಮಾವ ನನ್ನನ್ನು ಬೈಯುತ್ತಾನೆ. ಎಷ್ಟೋ ಅಪರಿಚಿತರ ಕಾರುಗಳು ನಮ್ಮ ಅಜ್ಜನ ಉಪ್ಪಿನ ತಕರಾರು ಕೇಳಿಯೇ ರಸ್ತೆಗಿಳಿದಿವೆ. ಮೊದಲೆಲ್ಲ ಅದು ಕಿವಿಗೆ ಬಿದ್ದಾಗ ಅವ್ವ ಅಜ್ಜನಿಗೆ ತಿರುಗಿ ಉತ್ತರ ಕೊಡುತ್ತಿದ್ದಳು.

ಎರಡು ವರ್ಷದಿಂದ ಅವ್ವನ ಕಿವಿ ಮಂದವಾಗಿದೆ. ಕಿವಿಗೆ ಮಷಿನ್ ಕೊಡಿಸಿದರೆ ಡಬ್ಬಿಯಲ್ಲಿಟ್ಟು ದೇವರ ಗೂಡಿನಲ್ಲಿಟ್ಟಿದ್ದಾಳೆ. ಕೇಳಲಿ ಬಿಡಲಿ ತಲೆಯಾಡಿಸುತ್ತಾಳೆ. "ತಮ್ಮಗ ಹೇಳಬ್ಯಾಡ, ಸಂಕಟ ಪಡ್ತಾನ" ಎಂದು ನನಗೆ ಆಣೆ ಹಾಕಿದ್ದಳು. ಊರಿನ ಸದ್ದೆಲ್ಲ ಕೇಳುವ ಮಾವನಿಗೆ, ಅಕ್ಕನಿಗೆ ಕೇಳುವುದಿಲ್ಲ ಎಂಬುದೊಂದು ಕೇಳಿಸಿರಲಿಲ್ಲ.

ಹೋದ ತಿಂಗಳು ಹೊಳೆ ನೋಡಲು ಮಾವ, ಅವ್ವ, ನಾನು ಮೂವರೂ ಮಾವನ ಕಾರಿನಲ್ಲಿ ಕೆಂಚನಗುಡ್ಡಕ್ಕೆ ಹೊರಟೆವು. ಹೊಸ ಆಂಪ್ಲಿಫೈಯರ್ ಕೂರಿಸಿದ ಉತ್ಸಾಹದಲ್ಲಿ ಮಾವ, "ಅಕ್ಕಾ, ಅಪ್ಪ ಹೆಂಗ ಕುಂತಾನ ಕೇಳು" ಎಂದು ಗಟ್ಟಿಯಾಗಿ ಕೂಗಿ ಅಜ್ಜನನ್ನು ಹಾಕಿದ.

ಹಿಂದಿನ ಸೀಟಿನಿಂದ ಅವ್ವ ತಲೆಯಾಡಿಸಿದಳು. "ಹಾಡು ಚೊಲೋ ಐತಿ."

ಮಾವ ಕಾರನ್ನು ಬದಿಗೆ ನಿಲ್ಲಿಸಿದ. ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಇಳಿದು ಡಿಕ್ಕಿ ತೆರೆದು, ಎಂಬತ್ತಕ್ಕಿದ್ದ ತಿರುಪನ್ನು ತುತ್ತತುದಿಯವರೆಗೆ ಏರಿಸಿಬಿಟ್ಟ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಆರು ತಿಂಗಳು ಮಾತು ಬಿಡುತ್ತಿದ್ದ.

"ಮಾವ, ಅಜ್ಜ ಡಿಕ್ಕ್ಯಾಗಿಂದ ಬರ್ತಾನ" ಎಂದೆ.

"ಬರ್ಲಿ. ಅಕ್ಕ ಹಿಂದ ಕುಂತಾಳ."

ಇಷ್ಟು ದಿನ ಅವನ ಕಿವಿಗೆ ಬೆರಗಾಗಿದ್ದ ನಾನು ಅಂದು ಅವನಿಗೇ ಬೆರಗಾದೆ. ಮತ್ತೆ ಹಾಕಿದೊಡನೆ ಅಜ್ಜನ ದನಿ ಡಿಕ್ಕಿಯಿಂದ ಒರಟಾಗಿ ಎದ್ದು ಸೀಟನ್ನು ನಡುಗಿಸಿತು. ಮಾವನ ಲೆಕ್ಕದಲ್ಲಿ ಅದು ಕೆಟ್ಟ ಸದ್ದು. ಅವ್ವ ಸೀಟಿಗೆ ಅಂಗೈ ಒತ್ತಿ ಹಿಂದಕ್ಕೆ ತಿರುಗಿದಳು.

"ಹಾಕೀನಪಾ" ಎಂದಳು. "ಕಲಸಿಕೊಂಡು ಉಣ್ಣು."