ಅರವತ್ತು ಕುರ್ಚಿಗಳ ಆರ್ಡರ್

ಎಲ್ಲಕ್ಕೂ ಕಾರಣ ಜರ್ಮನಿಯಿಂದ ಬಂದು ಬೆಳಿಗ್ಗೆ ಹತ್ತಕ್ಕೆ ಕಣ್ಣಿಗೆ ಬಿದ್ದ ಒಂದು ಈಮೇಲ್. ‘ಅರವತ್ತು ಕುರ್ಚಿಗಳು ಬೇಕು. ಇವತ್ತು ಸಂಜೆ ನಾಲ್ಕಕ್ಕೆ ಬಯಾನ್ ಲೆಪಾಸ್ ಶಾಖೆಯ ಸಭಾಂಗಣಕ್ಕೆ ತಲುಪಿಸಿ.’

ಸದಾನಂದ ಅದನ್ನು ಓದಿ ಖುಷಿಯಿಂದ ಕೈ ಉಜ್ಜಿಕೊಂಡ. ಅವನು ಪಾಠ ಹೇಳುತ್ತಿದ್ದುದು ಜರ್ಮನಿಯ ಒಂದು ವಾಣಿಜ್ಯ ವೃತ್ತಿ ಕಾಲೇಜು ಮಲೇಷ್ಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನಲ್ಲಿ ಈ ವರ್ಷವಷ್ಟೇ ತೆರೆದ ಶಾಖೆಯಲ್ಲಿ. ಅಲ್ಲಿನ ಮಕ್ಕಳು ವಾರಕ್ಕೆ ಮೂರು ದಿನ ಸುತ್ತಲಿನ ಕಾರ್ಖಾನೆಗಳ ಆಫೀಸುಗಳಲ್ಲಿ ಕೆಲಸ ಕಲಿಯುತ್ತಾರೆ, ಎರಡು ದಿನ ಕಾಲೇಜಿನಲ್ಲಿ ಅಭ್ಯಾಸದ ಕಂಪನಿ ನಡೆಸುತ್ತಾರೆ. ಸದಾನಂದನ ತರಗತಿಯದು ಪೀಠೋಪಕರಣದ ಕಂಪನಿ. ಆರ್ಡರ್ ಬರುತ್ತದೆ, ಬಿಲ್ ಆಗುತ್ತದೆ, ಡೆಲಿವರಿ ಚೀಟಿ ಹೋಗುತ್ತದೆ. ಕುರ್ಚಿ ಮಾತ್ರ ಇರುವುದಿಲ್ಲ. ಗಂಡೂ ಹೆಣ್ಣೂ ಇಲ್ಲದ ಮದುವೆಮನೆಯ ಹಾಗೆ, ಓಡಾಟವೆಲ್ಲ ನಿಜ.

ಮೈಸೂರಿನ ಸದಾನಂದ ಇಪ್ಪತ್ತು ವರ್ಷ ಇಲ್ಲಿನ ಕಾರ್ಖಾನೆಯೊಂದರ ಶಿಪ್ಪಿಂಗ್ ವಿಭಾಗದಲ್ಲಿದ್ದು, ಅದು ಮುಚ್ಚಿದ ಮೇಲೆ ಕಾಲೇಜಿಗೆ ಸೇರಿದ್ದ. ಆರು ತಿಂಗಳ ಪ್ರೊಬೇಷನ್ ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ಸಂಸ್ಥಾಪನಾ ದಿನದ ಸಮಾರಂಭಕ್ಕೆ ಜರ್ಮನಿಯ ಮುಖ್ಯ ಕಚೇರಿಯಿಂದ ಹೆಲ್ಗಾ ಮೇಡಂ ಬರುತ್ತಾರೆ. ಅವರು ಸಹಿ ಹಾಕಿದರೆ ಕೆಲಸ ಖಾಯಂ. ಅವರ ಮುಂದೆ ಒಪ್ಪಿಸಲೆಂದು ಸದಾನಂದ ಒಂದು ವಾರದಿಂದ ಕಾಲೇಜಿನ ಚರಿತ್ರೆಯ ಪುಸ್ತಕ ಉರು ಹೊಡೆದಿದ್ದ. 1903ರಲ್ಲಿ ಊರಿನ ವರ್ತಕರು ಹನ್ನೆರಡು ಹುಡುಗರಿಗಾಗಿ ಎರಡು ಕೋಣೆಯಲ್ಲಿ ಶುರುಮಾಡಿದ್ದು, ಆಮೇಲೆ ಹೆಣ್ಣುಮಕ್ಕಳಿಗೆ ಟೈಪಿಂಗ್ ತರಗತಿ ಬಂದದ್ದು, ಯುದ್ಧದಲ್ಲಿ ಛಾವಣಿ ಹಾರಿಹೋದದ್ದು, ಈಗಿನ ಆಫೀಸ್ ಆಡಳಿತ, ಸಗಟು ವ್ಯಾಪಾರ, ಸರಕು ಸಾಗಣೆಯ ಕೋರ್ಸುಗಳು, ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ನಡುನಡುವಿನ ಸಣ್ಣ ಕತೆಗಳನ್ನು ಮಾತ್ರ, ಇವನ್ನೆಲ್ಲ ಯಾರು ಕೇಳುತ್ತಾರೆ ಎಂದು ಹಾರಿಸಿದ್ದ.

ಹನ್ನೆರಡರ ಹೊತ್ತಿಗೆ ಕಾಗದಪತ್ರವೆಲ್ಲ ಮುಗಿಯಿತು. “ಸರ್, ಡೆಲಿವರಿ ನೋಟ್ ಸೆಂಟ್. ಆಲ್ ಡನ್!” ಎಂದಳು ವಿದ್ಯಾರ್ಥಿನಿ ಅಕ್ಷಯಾ. ಅಷ್ಟರಲ್ಲಿ ಆಫೀಸಿನ ಕ್ರಿಸ್ಟೋಫರ್ ಏದುಸಿರು ಬಿಡುತ್ತ ಒಳಗೆ ಬಂದ. ಮಂಗಳೂರಿನವನು, ಪರರ ಚಿಂತೆಯನ್ನು ತನ್ನದಕ್ಕಿಂತ ಹೆಚ್ಚು ಚೆನ್ನಾಗಿ ನೋಡಿಕೊಳ್ಳುವವನು.

“ಹಾಲ್ ನೋಡಿದ್ರಾ ಮಾರಾಯ್ರೆ? ಒಂದೇ ಒಂದು ಕುರ್ಚಿ ಇಲ್ಲ!”

“ಎಲ್ಲಿ ಹೋದ್ವು?”

“ಪ್ರಿನ್ಸಿಪಾಲ್ರು ನಿನ್ನೆ ಎಲ್ಲ ಗೋಡೌನಿಗೆ ಹಾಕ್ಸಿ ಬೀಗ ಜಡಿದಿದ್ದಾರೆ. ಬೀಗದ ಕೈ ಅವರ ಹತ್ರ. ಅವರು ಕೌಲಾಲಂಪುರದಿಂದ ಮೇಡಮ್ಮನ ಒಟ್ಟಿಗೆ ವಿಮಾನದಲ್ಲಿ ನಾಲ್ಕಕ್ಕೇ ಬರುವುದು, ಬೆಳಿಗ್ಗೆಯಿಂದ ಫೋನ್ ಆಫ್. ಹಳೇ ಕುರ್ಚಿ ತೆಗೆದದ್ದು ಹೊಸದು ಬರ್ತದೆ ಅಂತ ಅಲ್ವಾ?”

“ಹಾಗಾದ್ರೆ ಬೆಳಿಗ್ಗೆ ಬಂದ ಆರ್ಡರ್...”

“ನಿಜದ್ದು! ನೀವು ಶಿಪ್ಪಿಂಗಿನವರು ಅಂತ ನಿಮಗೆ ಬರೆದದ್ದು. ನೀವು ಎಂತ ಮಾಡಿದ್ರಿ?”

“ಡೆಲಿವರಿ ಆಯ್ತು ಅಂತ ಚೀಟಿ ಕಳಿಸ್ದೆ.”

ಕ್ರಿಸ್ಟೋಫರ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಸದಾನಂದ ಫೋನ್ ಕೈಗೆತ್ತಿಕೊಂಡ.

ಅವನಿಗೆ ಮೊದಲು ನೆನಪಾದವರು ಅವನಿದ್ದ ಅಪಾರ್ಟ್ಮೆಂಟಿನಲ್ಲಿ, ಇಲ್ಲಿನವರ ಬಾಯಲ್ಲಿ ಕಾಂಡೋದಲ್ಲಿ, ಪಕ್ಕದ ಮನೆಯ ಸರೋಜಿನಿಯಮ್ಮ. ಧಾರವಾಡದವರು, ಮೂವತ್ತು ವರ್ಷ ಟೀಚರಾಗಿದ್ದವರು. ಕಾಂಡೋದ ಕ್ಲಬ್ ಕೋಣೆಯಲ್ಲಿ ಕುರ್ಚಿಗಳಿದ್ದವು.

“ಅಯ್ಯ, ಅಷ್ಟಕ್ಕ ಯಾಕ ಗಾಬರಿ ಆಗ್ತೀರಿ? ನಾ ಇದ್ದೀನಲ್ಲ,” ಎಂದರು ಫೋನಿನಲ್ಲಿ. “ಊಟ ಆತೋ ಇಲ್ಲೋ, ಅದನ್ನ ಮೊದಲ ಹೇಳ್ರಿ.”

ಅವನು ತಲುಪುವ ಹೊತ್ತಿಗೆ ಬಾಗಿಲಲ್ಲೇ ಒಂದು ಡಬ್ಬಿ ಚಿತ್ರಾನ್ನ ಕಾದಿತ್ತು. ಜೊತೆಗೆ ಸೆಕ್ಯುರಿಟಿಯವನೂ ಕಾದಿದ್ದ. ಕ್ಲಬ್ಬಿನ ಕುರ್ಚಿ ಹೊರಗೆ ಹೋಗುವಂತಿಲ್ಲ, ಹೋದರೆ ಪ್ರತಿ ಕುರ್ಚಿಯ ಜೊತೆಗೂ ಒಬ್ಬ ನಿವಾಸಿ ಇರಲೇಬೇಕು, ಅದು ರೂಲ್ ಲಾ, ಎಂದ, ಇಲ್ಲಿನವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ. ಸರೋಜಿನಿಯಮ್ಮ ವಾಟ್ಸಾಪಿನಲ್ಲಿ ಒಂದು ಮಾತು ಹಾಕಿದರು. ಕಾಲು ಗಂಟೆಯಲ್ಲಿ ಇಪ್ಪತ್ತೆರಡು ಜನ, ಮಧ್ಯಾಹ್ನದ ನಿದ್ದೆ ಬಿಟ್ಟು, ಒಬ್ಬೊಬ್ಬರು ಒಂದೊಂದು ಕುರ್ಚಿ ಹಿಡಿದು ಕೆಳಗಿಳಿದು ಕಾಲೇಜಿನ ಕಡೆ ನಡೆದರು.

ಉಳಿದ ಮೂವತ್ತೆಂಟಕ್ಕೆ ಮೂಲೆಯಲ್ಲಿದ್ದ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲೇ ಗತಿ. ಸದಾನಂದ ತೊದಲುತ್ತ ವಿಷಯ ಹೇಳುವ ಮೊದಲೇ ಯಜಮಾನರು ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ್ದರು. “ಟೇಕ್ ಲಾ ಟೀಚರ್, ಟೇಕ್,” ಎನ್ನುತ್ತ ತಮ್ಮ ವ್ಯಾನನ್ನೂ ಕೊಟ್ಟರು. ಎಣಿಸಿದರೆ ಮೂವತ್ತೇಳು. ಮೂವತ್ತೆಂಟನೆಯದರಲ್ಲಿ ಚೀನೀ ತಾತ ಒಬ್ಬರು ಕೂತು ಚಹಾ ಕುಡಿಯುತ್ತಿದ್ದರು. ಅವರು ಏನೂ ಕೇಳದೆ ಎದ್ದು, ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಕುರ್ಚಿ ಹಿಡಿದು ವ್ಯಾನು ಹತ್ತಿದರು. ಕೂರಲು ಜಾಗವಿಲ್ಲದ ಉಳಿದ ಗಿರಾಕಿಗಳೂ ರೋಟಿಯನ್ನು ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು, ಕುರ್ಚಿಗಳು ಹೋದ ದಾರಿ ಹಿಡಿದರು.

ಸಿಗ್ನಲ್ಲಿನ ತಿರುವಿನಲ್ಲಿ ವ್ಯಾನಿನ ಹಿಂಬಾಗಿಲು ತೆರೆದುಕೊಂಡು ಎಂಟು ಕುರ್ಚಿಗಳು ರಸ್ತೆಗೆ ಹಾರಿದವು. ಸದಾನಂದ ಕಣ್ಣು ಮುಚ್ಚಿಕೊಂಡ. ಬಿಟ್ಟು ನೋಡಿದಾಗ ಬೈಕಿನವರು ನಾಲ್ವರು ಇಳಿದು, ಎಂಟನ್ನೂ ಧೂಳು ಒರೆಸಿ ಒಳಗಿಟ್ಟು, ಹಸಿರು ದೀಪ ಬರುತ್ತಲೇ ಹೊರಟುಹೋಗಿದ್ದರು. ಹಾರ್ನ್ ಹೊಡೆದವರು ಒಬ್ಬರೂ ಇಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅರವತ್ತನೆಯ ಕುರ್ಚಿ ಸಾಲಿಗೆ ಸೇರಿತು. ಬಿಸಿಲಲ್ಲಿ ಬಂದವರೆಲ್ಲ ಉಸ್ಸೆಂದು ಕೂತರು. ಸರಿಯಾಗಿ ನಾಲ್ಕಕ್ಕೆ ಪ್ರಿನ್ಸಿಪಾಲರ ಜೊತೆ ಹೆಲ್ಗಾ ಮೇಡಂ ಬಾಗಿಲಲ್ಲಿ ಬಂದು ನಿಂತರು. ಬೆಳ್ಳಿಕೂದಲು, ಎತ್ತರದ ಆಳು, ಕಂಕುಳಲ್ಲಿ ಫೈಲು.

“ಇದೇನು?” ಎಂದರು ಇಂಗ್ಲಿಷಿನಲ್ಲಿ.

“ನಿಮ್ಮ ಆರ್ಡರ್, ಮೇಡಂ. ಅರವತ್ತು. ಹೇಳಿದ ಹೊತ್ತಿಗೆ,” ಎಂದ ಸದಾನಂದ, ಬೆವರು ಒರೆಸಿಕೊಂಡು.

ಪ್ರಿನ್ಸಿಪಾಲರು ಹಣೆ ಹಿಡಿದುಕೊಂಡರು. ಹೆಲ್ಗಾ ಮೇಡಂ ಮೆಲ್ಲಗೆ, ಒಂದನೇ ತರಗತಿಯ ಮಗುವಿಗೆ ಹೇಳುವಂತೆ ಹೇಳಿದರು: “ಅದು ನಮ್ಮ ವಿದ್ಯಾರ್ಥಿಗಳ ಅಭ್ಯಾಸದ ಕಂಪನಿಯಿಂದ ಕಳಿಸಿದ ಆರ್ಡರ್. ನಿಮ್ಮ ಪರೀಕ್ಷೆ. ಮಧ್ಯಾಹ್ನವೇ ನಿಮ್ಮ ಕಾಗದಗಳನ್ನು ನೋಡಿದೆ, ನೂರಕ್ಕೆ ನೂರು ಕೊಟ್ಟಿದ್ದೆ. ಅಭ್ಯಾಸದ ಕಂಪನಿಯಲ್ಲಿ ಸರಕು ಕದಲಬಾರದು. ಅದೇ ಅಲ್ಲವೇ ಮೊದಲ ನಿಯಮ?”

“ಆದ್ರೆ ಹಾಲಿನಲ್ಲಿ ಕುರ್ಚಿ ಇರ್ಲಿಲ್ಲ ಮೇಡಂ...”

“ಇರಬಾರದು. ಮೊದಲ ವರ್ಷ ಆ ಎರಡು ಕೋಣೆಯಲ್ಲಿ ಕುರ್ಚಿಗಳೇ ಇರಲಿಲ್ಲ, ಹನ್ನೆರಡು ಹುಡುಗರೂ ನಿಂತೇ ಕಲಿತರು. ಅವರ ನೆನಪಿಗೆ ನಮ್ಮ ಸಂಸ್ಥಾಪನಾ ದಿನದಲ್ಲಿ ಯಾರೂ ಕೂರುವುದಿಲ್ಲ. ಚರಿತ್ರೆಯ ಪುಸ್ತಕ ಓದಿದ್ದೀರಿ ತಾನೇ?”

“1903ರಲ್ಲಿ ಊರಿನ ವರ್ತಕರು...” ಎಂದು ಶುರುಮಾಡಿ ಸದಾನಂದ ಅಲ್ಲಿಗೇ ನಿಲ್ಲಿಸಿದ. ಕ್ರಿಸ್ಟೋಫರ್ ಎರಡನೆಯ ಸಾಲಿನಲ್ಲಿ ಕೂತು ಛಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಆಗ ಸರೋಜಿನಿಯಮ್ಮ ಎದ್ದರು. “ಸದಾನಂದ, ಆಕಿ ಮೊಣಕಾಲ ಹಿಡ್ಕೊಂಡ ನಿಂತಾಳ, ಕಾಣಂಗಿಲ್ಲೇನು? ರೂಲ್ಸ್ ಆಮ್ಯಾಲ ಹೇಳಲಿ, ಮೊದಲ ಕೂಡಸ್ರಿ!” ಎಂದು ತಮ್ಮ ಕುರ್ಚಿಯನ್ನೇ ಎಳೆದು ಮೇಡಮ್ಮನ ಹಿಂದೆ ಇಟ್ಟರು. ಸರೋಜಿನಿಯಮ್ಮನವರಿಗೆ ಚೀನೀ ತಾತ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ತಾತನಿಗೆ ಸದಾನಂದ ತನ್ನದನ್ನು ಬಿಟ್ಟುಕೊಟ್ಟ.

ಹೆಲ್ಗಾ ಮೇಡಂ ಆಚೀಚೆ ನೋಡಿ ಮೆತ್ತಗೆ ಕೂತರು. ಕಣ್ಣು ತಾನಾಗಿ ಮುಚ್ಚಿತು. “ಮೂವತ್ತೊಂದು ವರ್ಷದಿಂದ ಈ ದಿನ ನಿಂತೇ ಇದ್ದೇನೆ,” ಎಂದು ಅವರು ಪಿಸುಗುಟ್ಟಿದ್ದು ಸದಾನಂದನಿಗೆ ಮಾತ್ರ ಕೇಳಿಸಿತು. ಅವನ ಎದೆಯಲ್ಲಿ ಆಸೆಯ ಬತ್ತಿ ಹತ್ತಿಕೊಂಡಿತು.

ಕುರ್ಚಿಗಳ ಹಿಂದೆಯೇ ಬಂದಿದ್ದ ಮಾಮಾಕ್ ಯಜಮಾನರು ಚಹಾ ತಂದುಕೊಟ್ಟರು. ಮೇಡಂ ಹಾಯಾಗಿ ಒಂದು ಗುಟುಕು ಹೀರಿ, ಕಾಲು ಚಾಚಿ, ಫೈಲನ್ನು ತೊಡೆಯ ಮೇಲಿಟ್ಟುಕೊಂಡು ದುಂಡಗೆ ಬರೆದರು: ‘ಕಾಗದಪತ್ರ ಅತ್ಯುತ್ತಮ. ಸಾಗಣೆ ಅತ್ಯುತ್ತಮ. ಚರಿತ್ರೆ ಸಾಲದು. ಪ್ರೊಬೇಷನ್ ಇನ್ನೂ ಆರು ತಿಂಗಳು.’

ಸಮಾರಂಭ ಶುರುವಾಯಿತು. ಅರವತ್ತು ಕುರ್ಚಿಗಳೂ ತುಂಬಿದ್ದವು. ಗೋಡೆಗೆ ಒರಗಿ, ಖಾಲಿ ಚಿತ್ರಾನ್ನದ ಡಬ್ಬಿ ಹಿಡಿದು ನಿಂತಿದ್ದವನು ಸದಾನಂದನೊಬ್ಬನೇ. ಆ ಹನ್ನೆರಡು ಹುಡುಗರ ನೆನಪನ್ನು ಆ ಸಂಜೆ ಕಾಲೇಜಿನ ಪರವಾಗಿ ಉಳಿಸಿದವನೂ ಅವನೊಬ್ಬನೇ.