ಹಾಲಿನ ಕ್ಯಾನಿನಲ್ಲಿ ಹಿಮಬಂಡೆ

ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ, ಯಾರಾದರೂ ಮಾತಾಡಲು ಕರೆದರೆ ಸಾಕು, ಕೈಮುಗಿದು ನಿಲ್ಲಿಸುವವರೆಗೂ ನಾನು ಬಿಡುವವನಲ್ಲ. ಮಾಸ್ತಿ ಹತ್ತಿರದ ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ, ಬೆಳಗ್ಗೆ ಹಾಲು ಹಾಕಲು ಬಂದವರಿಗೆ ನೀರು ಬೆರೆಸಬೇಡಿ ಅಂತ ಐದು ನಿಮಿಷ ಹೇಳಿ ಅಂದ. ನಾನು ಸಮುದ್ರದಲ್ಲಿ ತೇಲುವ ಹಿಮಬಂಡೆಯ ಉಪಮೆ ಆರಿಸಿಕೊಂಡೆ. ಕಣ್ಣಿಗೆ ಕಾಣುವ ಮೋಸ ತುದಿ ಮಾತ್ರ; ಹತ್ತರಲ್ಲಿ ಒಂಬತ್ತು ಪಾಲು ಒಳಗೆ ಮುಳುಗಿರುತ್ತದೆ!

ಬರೀ ಬಾಯಿಮಾತು ಸಾಲದೆಂದು ಹಿಂದಿನ ದಿನವೇ ಫ್ರಿಜ್ಜಿನಲ್ಲಿ ಒಂದು ದೊಡ್ಡ ಚೊಂಬು ನೀರಿಟ್ಟು ಗಟ್ಟಿಮಾಡಿದೆ. ಎರಡು ಮಾತಾಡಿ ಬರುವುದಕ್ಕೆ ಐಸು ಯಾಕೆ ಅಂದಳು ಹೆಂಡತಿ ಸರೋಜ. ಪ್ರಾತ್ಯಕ್ಷಿಕೆಯ ಮಹತ್ವ ಅವಳಿಗೇನು ಗೊತ್ತು!

ಬಕೆಟ್ಟಿನಲ್ಲಿ ತೇಲಿಬಿಟ್ಟು ತೋರಿಸೋಣವೆಂದರೆ ಡೈರಿಯ ನಲ್ಲಿಯಲ್ಲಿ ನೀರಿರಲಿಲ್ಲ. ಆಗಿನ್ನೂ ಬಂದಿದ್ದವರು ರತ್ನಮ್ಮ ಒಬ್ಬರೇ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಹಾಲು ವಾಪಸ್ಸಾಗದ ಹೆಂಗಸು. ಅವರ ಕ್ಯಾನು ಕಂಡದ್ದೇ ನನ್ನ ತಲೆ ಓಡಿತು. ನೀರಿಗಿಂತ ಹಾಲೇ ವಾಸಿ, ಮುಳುಗಿದ್ದು ಕಾಣುವುದೇ ಇಲ್ಲ! ಕರಗುವ ಮೊದಲೇ ತೆಗೆದುಬಿಡುತ್ತೇನೆಂದು ಒಪ್ಪಿಸಿ, ಐಸು ಇಳಿಬಿಟ್ಟು ಮುಚ್ಚಳ ಹಾಕಿದೆ. ಭಾಷಣದ ಕೊನೆಗೆ ನಾನೇ ತೆಗೆದು ತೋರಿಸುವವರೆಗೆ ಯಾರಿಗೂ ಹೇಳಬಾರದೆಂದು ಮಾತೂ ತೆಗೆದುಕೊಂಡೆ. ತಮ್ಮ ಮಗನಿಗೆ ಪಾಠ ಹೇಳಿದ ಮೇಷ್ಟ್ರಿಗೆ ಅವರು ಇಲ್ಲ ಅನ್ನಲಾರದೆ ತಲೆಯಾಡಿಸಿದರು.

ಜನ ಸೇರಿದರು. ಐದು ನಿಮಿಷದ ಮಾತು ಅರ್ಧ ಗಂಟೆಯಾಯಿತು. ಆಗತಾನೆ ಕರೆದ ಹಾಲು ಬೆಚ್ಚಗಿರುತ್ತದೆ. ಮೂವತ್ತು ವರ್ಷ ಶಾಖದ ಪಾಠ ಮಾಡಿದವನಿಗೆ ಅದೊಂದು ಮರೆತಿತ್ತು!

ಕಾದು ಸಾಕಾದ ಕಾರ್ಯದರ್ಶಿ ನನ್ನ ಬೆನ್ನ ಹಿಂದೆಯೇ ಹಾಲು ಪರೀಕ್ಷೆಗೆ ಶುರುಮಾಡಿದ. ಮೊದಲ ಕ್ಯಾನಿನ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟವನೇ, "ನೀರು ಬಿದ್ದದೆ" ಅಂದ.

ಯಾರ ಹಾಲೆಂದು ನಾನು ತಿರುಗಿಯೂ ನೋಡಲಿಲ್ಲ. "ಕಂಡ್ರಾ? ಇದು ತುದಿ ಮಾತ್ರ!" ಎಂದು ಬೆರಳೆತ್ತಿ ಗುಡುಗಿದೆ.

ಸಾಲಿನಲ್ಲಿದ್ದ ಒಬ್ಬ, "ಸಿಕ್ಕಿದ್ದು ಇವತ್ತು. ಇಪ್ಪತ್ತು ವರ್ಷದ ಒಂಬತ್ತು ಪಾಲು ಎಲ್ಲೋಯ್ತು ರತ್ನಮ್ಮ?" ಅಂದ. ನನ್ನ ಉಪಮೆ ಜನಕ್ಕೆ ಅಷ್ಟು ಚೆನ್ನಾಗಿ ಅರ್ಥವಾಗಿತ್ತು!

ಆಗ ತಿರುಗಿದೆ. ರತ್ನಮ್ಮ ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಬಾಯಿ ಬಿಡಲಿಲ್ಲ. ಬಿಡಬೇಕಾದವನು ನಾನು. ಆದರೆ ಎದುರಿಗೆ ನಿಂತಿದ್ದವರಲ್ಲಿ ಅರ್ಧ ಜನ ನನ್ನ ಹಳೇ ಶಿಷ್ಯರು. ನಗುತ್ತಾರಲ್ಲ ಎಂದು ಕಂಬದಂತೆ ನಿಂತೆ. ರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಕ್ಯಾನು ಎತ್ತಿಕೊಂಡು ಮೆಟ್ಟಿಲಿಳಿದ ಮೇಲೆ ನನಗೆ ದನಿ ಬಂತು.

"ಅದು ನನ್ನ ಐಸು" ಅಂದೆ. ಇಡೀ ಭಾಷಣದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ವಾಕ್ಯ.

ನಡೆದದ್ದನ್ನೆಲ್ಲ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೆಟ್ಟಿಲ ಕೆಳಗೇ ನಿಂತು ಕೇಳುತ್ತಿದ್ದ ರತ್ನಮ್ಮ ಮಾತ್ರ ನಗಲಿಲ್ಲ. "ಹೇಳ್ಬೇಡ ಅಂದಿದ್ರಲ್ಲ ಸಾರ್, ಅದಕ್ಕೇ ಸುಮ್ಕಿದ್ದೆ" ಅಂದರು. ಕ್ಷಮೆ ಕೇಳಿದೆ. ಭೂಮಿ ಬಾಯಿ ಬಿಟ್ಟರೆ ಹೋಗಲು ಸಿದ್ಧನಿದ್ದೆ, ಅದೂ ಬಿಡಲಿಲ್ಲ.

ಆ ಹಾಲನ್ನು ನಾನೇ ಕೊಂಡು ತಂದೆ. ಮೂರು ದಿನ ಮನೆಯಲ್ಲಿ ನೀರು ಮಜ್ಜಿಗೆ. ಮೂರನೇ ದಿನ ಸರೋಜ ಲೋಟ ಮುಂದಿಟ್ಟು ಕೇಳಿದಳು: "ಐಸ್ ಕರಗಿದ್ದು ಹೋಗ್ಲಿ. ಆಯಮ್ಮ ಅಳೋ ಗಂಟ ನೀವು ಯಾಕೆ ಕಾದ್ರಿ?"

ಊರಿಗೆಲ್ಲ ಉಪಮೆ ಹಂಚಿದ ನಾನು, ಲೋಟ ಎತ್ತಿ ಅದರ ಹಿಂದೆ ಮುಖ ಮುಚ್ಚಿಕೊಂಡೆ.