ಒಬ್ಬನ ಅನ್ನದ ವಕ್ರರೇಖೆ

ಶಿಸ್ತಿನ ಮನುಷ್ಯನಿಗೆ ಹಸಿವೂ ಗಡಿಯಾರ ನೋಡಿಯೇ ಬರುತ್ತದೆ. ನನಗೆ ಬರುವುದು ಮಧ್ಯಾಹ್ನ ಹನ್ನೆರಡೂವರೆಗೆ. ಅನ್ನಕ್ಕೆ ಮಾತ್ರ ಆ ಶಿಸ್ತಿಲ್ಲ. ಹೆಂಡತಿ ಇದ್ದಾಗ ಇಬ್ಬರಿಗೆ ಒಂದು ಲೋಟ ಅಕ್ಕಿ, ಮೂರು ಲೋಟ ನೀರು. ಅವಳು ತೀರಿಕೊಂಡ ಮೇಲೆ ನಾನು ಎಲ್ಲವನ್ನೂ ಕರಾರುವಾಕ್ಕಾಗಿ ಅರ್ಧ ಮಾಡಿದೆ. ತಳ ಸೀದು ಕರಿಯಾಯಿತು, ಮೇಲಿನದು ಅಕ್ಕಿಯಾಗಿಯೇ ಉಳಿಯಿತು. ಮರುದಿನ ಕೋಪದಲ್ಲಿ ನೀರು ಸುರಿದೆ, ಗಂಜಿ ಕುಡಿದೆ.

ನಾಚಿಕೆಯ ಸಂಗತಿಯೆಂದರೆ, ಹೊಸಪೇಟೆಯ ಕಾಲುವೆ ಕಚೇರಿಯಲ್ಲಿ ಇಡೀ ನೌಕರಿ ನಾನು ಇದನ್ನೇ ಬೋಧಿಸಿದವನು. ಗೇಟನ್ನು ಎರಡರಷ್ಟು ಎತ್ತಿದರೆ ನೀರು ಎರಡರಷ್ಟು ಬರುವುದಿಲ್ಲ. ಆದ್ದರಿಂದ ಒಂದೊಂದು ಎತ್ತರಕ್ಕೂ ನೀರು ಅಳೆದು, ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು, ಪಕ್ಕಪಕ್ಕದ ಚುಕ್ಕೆಗಳನ್ನು ಪುಟ್ಟ ಸರಳರೇಖೆಗಳಿಂದ ಜೋಡಿಸಬೇಕು. ಎರಡು ಚುಕ್ಕೆಗಳ ನಡುವೆ ಆ ಗೆರೆಯನ್ನು ನಂಬಬಹುದು. ಅಳತೆ ಮಾಡದ ಕಡೆಗೆ ಅದನ್ನೇ ಎಳೆದರೆ ಮೋಸ. ನನ್ನ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಚುಕ್ಕೆ, ಇಬ್ಬರದು.

ಸರಿ, ಹದಿನಾಲ್ಕು ದಿನ ಪ್ರಯೋಗ ನಡೆಸಿ, ಫಲಿತಾಂಶವನ್ನೆಲ್ಲ ತಿಂದು, ವಕ್ರರೇಖೆ ಬರೆದು ಒಲೆಯ ಮೇಲ್ಗಡೆ ಅಂಟಿಸಿದೆ. ಅಚ್ಚುಕಟ್ಟಾಗಿ ಬಂದಿತ್ತು. ತೋರಿಸೋಣವೆಂದು ತಿರುಗಿದರೆ ಮನೆಯಲ್ಲಿ ಯಾರೂ ಇರಲಿಲ್ಲ. ಅವಳಾಗಿದ್ದರೆ ನೋಡದೆಯೇ "ಹೂಂ, ಚಂದ ಅದ" ಅನ್ನುತ್ತಿದ್ದಳು.

ಆ ವಾರ ಹುಲುಗಪ್ಪ ಬಂದ. ನನ್ನ ಕೈಕೆಳಗೆ ಗೇಟು ಎತ್ತುತ್ತಿದ್ದವನು. ಈಗ ಅವನೂ ನಿವೃತ್ತ, ಮಲಪನಗುಡಿಯಲ್ಲಿದ್ದಾನೆ.

"ಇದೇನ್ರಿ ಸಾಹೇಬ್ರ, ಅಡಿಗಿ ಮನ್ಯಾಗ ಕಾಲುವಿ ತೋಡೀರಿ?"

ನಾನು ಗಂಭೀರವಾಗಿ ವಿವರಿಸಿದೆ. ಅವನು ತಲೆ ಕೆರೆದುಕೊಂಡ.

"ಅಕ್ಕಿ ಅರ್ಧ ಆದ್ರ ಉಗಿ ಅರ್ಧ ಆಗ್ತದೇನ್ರಿ? ಪಾತ್ರಿ ಅದೇ, ಒಲಿ ಅದೇ. ಹೋಗೋ ಉಗಿ ಹೋಗೇ ಹೋಗ್ತದ. ಇಷ್ಟಕ್ಕ ಹದಿನಾಕು ದಿನ ಸೀದದ್ದು ತಿಂದ್ರಿ?"

"ಒಬ್ಬನ ಅಳತೆ ಸಿಗಬೇಕಲ್ಲಪ್ಪಾ."

"ಒಬ್ಬರ್ದು ಯಾಕ ಬೇಕ್ರಿ? ಅಮ್ಮಾರ ಅಳತೀನ ಇಡ್ರಿ, ಇಬ್ಬರಿಗೆ. ನಾ ಬರ್ತೀನಿ. ಮನ್ಯಾಗ ನನ್ನ ಸೊಸಿಗೂ ಭಾಳ ಖುಷಿ ಆಗ್ತದ."

ಈಗ ಸೋಮವಾರ, ಗುರುವಾರ ಒಂದು ಲೋಟ ಅಕ್ಕಿ, ಮೂರು ಲೋಟ ನೀರು. ಅನ್ನ ಮಲ್ಲಿಗೆಯಂತಾಗುತ್ತದೆ. ಆದರೆ ಹುಲುಗಪ್ಪ ಬರುವುದು ಒಂದು ಗಂಟೆಗೆ. ನೌಕರಿಯಲ್ಲಿದ್ದಾಗ ಅವನು ಐದು ನಿಮಿಷ ತಡವಾದರೂ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದವನು ನಾನು. ಈಗ ಹನ್ನೆರಡೂಕಾಲಿಗೇ ಬಾಗಿಲಲ್ಲಿ ನಿಂತಿರುತ್ತೇನೆ.

"ತಡ ಆತೇನ್ರಿ ಸಾಹೇಬ್ರ?"

"ಇಲ್ಲಪ್ಪ, ಅನ್ನ ಈಗಷ್ಟೇ ಆಯಿತು" ಅನ್ನುತ್ತೇನೆ. ಅದು ಆರಿ ಅರ್ಧ ತಾಸಾಗಿರುತ್ತದೆ.